ಯಂತ್ರ ಕೆತ್ತಿದ ಬಲಿಪೀಠ



ಅಂದು ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಹೊರನಡೆದಿದ್ದರು. ಗಾನವೃಂದದ ಯುವಕನೊಬ್ಬ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಚೀಲಕ್ಕೆ ಸೇರಿಸುತ್ತಾ ನನ್ನನ್ನು ತಡೆದು ಕೇಳಿದ: "ಫಾದರ್, ಈ ಗಿಟಾರನ್ನು ಕಂಪ್ಯೂಟರ್ ಮಷಿನ್ ಕೊರೆದದ್ದಂತೆ. ಕೈಯಿಂದ ಮಾಡಿದ್ದಲ್ಲ, ಅದಕ್ಕೇ ಇದರಲ್ಲಿ ಜೀವ ಇಲ್ಲ ಅಂತ ನನ್ನ ಗೆಳೆಯ ಹೇಳ್ತಾನೆ. ನಿಜವಾ?"

"ಜೀವ ಇರೋದು ನುಡಿಸುವವನ ಬೆರಳಲ್ಲಿ ಮಗಾ" ಎಂದು ನಕ್ಕು ಅವನ ಬೆನ್ನು ತಟ್ಟಿದೆ. ಆ ಉತ್ತರ ಅವನಿಗೆ ಸಾಕಾಯಿತು. ನನಗೆ ಸಾಕಾಗಲಿಲ್ಲ. ಏಕೆಂದರೆ ಅವನು ನಿಂತಿದ್ದ ಜಾಗದ ಹಿಂದೆಯೇ ನಮ್ಮ ಬಲಿಪೀಠವಿತ್ತು. ಅದರ ಮುಂಬದಿಯ ಸಾಗುವಾನಿ ಫಲಕದಲ್ಲಿ ಪ್ರಭುವಿನ ಕಡೆಯ ಭೋಜನದ ಕೆತ್ತನೆ ಇತ್ತು. ಆ ಫಲಕದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು, ಯುವಕನ ಪ್ರಶ್ನೆಯನ್ನು ಹಾಗೆ ನಕ್ಕು ತಳ್ಳಿಹಾಕಲು ನನಗೆ ಬಿಡಲಿಲ್ಲ.

ಯಂತ್ರ ಮಾಡಿದ ವಸ್ತು ಕೀಳೇ, ಕೈ ಮಾಡಿದ ವಸ್ತು ಮೇಲೇ? ಇದು ಸಂಗೀತಗಾರರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಮನೆಗೆ ಬಾಗಿಲು ಮಾಡಿಸುವಾಗ, ಮಗಳ ಮದುವೆಗೆ ಮಂಚ ಕೊಳ್ಳುವಾಗ, ದೇವಾಲಯಕ್ಕೆ ಸ್ವರೂಪ ತರಿಸುವಾಗ ನಾವೆಲ್ಲರೂ ಎದುರಿಸುವ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿ, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ನೆಲದ ಮೇಲೆಯೇ ನಿಂತು ಯೋಚಿಸೋಣ.

ಗಿಟಾರು ಹೇಳುವ ಮಾತು

ಮೊದಲು ಆ ಯುವಕನ ಗಿಟಾರಿಗೆ ನ್ಯಾಯ ಸಲ್ಲಿಸೋಣ. ಎಲೆಕ್ಟ್ರಿಕ್ ಗಿಟಾರು ಹುಟ್ಟಿನಿಂದಲೂ ಕಾರ್ಖಾನೆಯ ಕೂಸು. 1950ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರ್ ಎಂಬವರು ಮಾರುಕಟ್ಟೆಗೆ ತಂದ ಗಿಟಾರಿನ ಒಡಲು ಟೊಳ್ಳಾಗಿರಲಿಲ್ಲ. ಅದು ಒಂದು ಗಟ್ಟಿ ಹಲಗೆ. ಅಚ್ಚಿನ ಪ್ರಕಾರ ಯಂತ್ರದಿಂದ ಕೊರೆದ ಆ ಹಲಗೆಗೆ ಕತ್ತನ್ನು ತಿರುಪುಗಳಿಂದ ಬಿಗಿದಿದ್ದರು. ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿ ವಿದ್ಯುತ್ತಾಗಿ ಬದಲಿಸುತ್ತವೆ. ಅದು ಧ್ವನಿವರ್ಧಕದಿಂದ ಹೊರಬರುತ್ತದೆ. ವೀಣೆಯ ಕೊಡವನ್ನು ಕೊರೆಯುವವನಂತೆ ಟೊಳ್ಳಿನ ಗಾತ್ರವನ್ನು ಕಿವಿಯಿಂದ ಅಳೆಯುತ್ತಾ ಕೂರುವ ಅಗತ್ಯ ಅಲ್ಲಿಲ್ಲ. ಅಲ್ಲಿ ಬೇಕಾಗಿರುವುದು ನಿಖರತೆ. ಗಿಟಾರಿನ ಕತ್ತಿನ ಮೇಲಿರುವ ಲೋಹದ ಮೆಟ್ಟುಗಳನ್ನು ಗಮನಿಸಿ. ಒಂದೊಂದು ಮೆಟ್ಟಿಗೂ ಉಳಿದ ತಂತಿಯ ಉದ್ದ ಸುಮಾರು ಹದಿನೆಂಟನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತಾ ಹೋಗಿ, ಹನ್ನೆರಡನೆಯ ಮೆಟ್ಟು ಸರಿಯಾಗಿ ತಂತಿಯ ನಡುಮಧ್ಯದಲ್ಲಿ ಬರಬೇಕು. ಇಲ್ಲಿ ಕೂದಲೆಳೆಯ ತಪ್ಪಾದರೂ ಸ್ವರ ಅಪಸ್ವರವಾಗುತ್ತದೆ. ಈ ಕೆಲಸವನ್ನು ಗಣಕಯಂತ್ರದ ಅಂಕಿಗಳ ಆಣತಿಯಂತೆ ಚಲಿಸುವ ಸಿ.ಎನ್.ಸಿ. ಯಂತ್ರ ಸಾವಿರ ಸಲವೂ ಒಂದೇ ಬಗೆಯಲ್ಲಿ ಮಾಡುತ್ತದೆ. ಆ ನಿಖರತೆಯಿಂದ ಸಾಧಾರಣ ಮನೆಯ ಹುಡುಗನ ಕೈಗೂ ಶ್ರುತಿಶುದ್ಧವಾದ ವಾದ್ಯ ಬಂದಿದೆ. ಇದನ್ನು ಕೀಳೆನ್ನುವುದು ಕೃತಘ್ನತೆಯಾದೀತು.

ಆದರೂ ಒಳ್ಳೆಯ ಗಿಟಾರುಗಳಲ್ಲಿ ಕೈಕೆಲಸ ಮುಗಿದುಹೋಗಿಲ್ಲ. ಮೆಟ್ಟುಗಳ ಅಂಚನ್ನು ಬೆರಳಿಗೆ ತಾಗದಂತೆ ನಯಗೊಳಿಸುವುದು, ಕತ್ತಿನ ಬೆನ್ನನ್ನು ಅಂಗೈಗೆ ಒಪ್ಪುವಂತೆ ಉಜ್ಜುವುದು, ಬಣ್ಣ ಕೂಡಿಸುವುದು, ಕೊನೆಗೆ ತಂತಿಯ ಎತ್ತರವನ್ನು ನುಡಿಸಿ ನೋಡಿ ಹೊಂದಿಸುವುದು ಇಂದಿಗೂ ಹೆಚ್ಚಾಗಿ ಮನುಷ್ಯರ ಕೆಲಸವೇ. ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಜಗತ್ತಿನ ಅನೇಕ ಗಿಟಾರುಗಳಲ್ಲಿ ಬೆರಳು ಓಡಾಡುವ ಕಪ್ಪು ಪಟ್ಟಿ ಯಾವ ಮರದ್ದು ಗೊತ್ತೇ? ನಮ್ಮ ಪಶ್ಚಿಮ ಘಟ್ಟದ ಬೀಟೆಯ ಜಾತಿಯ ಮರದ್ದು. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದಾಗ, 1960ರ ದಶಕದಿಂದ ವಾದ್ಯ ತಯಾರಕರು ಭಾರತದ ಬೀಟೆಗೆ ತಿರುಗಿದರು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಹೀಗೆ ಯಂತ್ರ ಕೊರೆದ ವಸ್ತುವಿನ ಹಿಂದೆಯೂ ಒಂದು ಕಾಡಿದೆ, ಮರ ಕಡಿದವರಿದ್ದಾರೆ, ಉಜ್ಜಿದವರಿದ್ದಾರೆ. ನಮ್ಮ ಕಣ್ಣಿಗೆ ಅಂಗಡಿಯ ಗಾಜು ಮಾತ್ರ ಕಾಣುತ್ತದೆ.

ಗುಡಿಗಾರರ ಉಳಿ

ಗಿಟಾರಿನ ವಿಷಯದಲ್ಲಿ ಇಷ್ಟು ಸುಲಭವಾಗಿ ಒಪ್ಪಿಕೊಂಡ ಮಾತು ನಮ್ಮ ಊರಿನ ಮರಗೆತ್ತನೆಯ ವಿಷಯಕ್ಕೆ ಬಂದಾಗ ಗಂಟಲಲ್ಲಿ ನಿಲ್ಲುತ್ತದೆ. ಸಾಗರ, ಸೊರಬ, ಸಿರಸಿಗಳ ಗುಡಿಗಾರರನ್ನು ತಿಳಿಯದವರು ಮಲೆನಾಡಿನಲ್ಲಿ ವಿರಳ. ದೇವರ ಮೂರ್ತಿ, ಮಂಟಪ, ಕಿರೀಟ, ಗಂಧದ ಪೆಟ್ಟಿಗೆ, ಮದುವೆಗೆ ಬೆಂಡಿನ ಬಾಸಿಂಗ ಇವೆಲ್ಲ ಅವರ ಕೈಯಿಂದ ತಲೆಮಾರುಗಳಿಂದ ಬಂದಿವೆ. ಅವರ ಹಿರಿಯರು ಗೋವೆಯ ಕಡೆಯಿಂದ ವಲಸೆ ಬಂದವರೆಂಬ ಪ್ರತೀತಿಯೂ ಇದೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕೊಂಕಣಿ ಕುಟುಂಬಗಳ ಹಿರಿಯರು ಬಂದದ್ದೂ ಅದೇ ದಿಕ್ಕಿನಿಂದ. ಬಂದ ಕಾರಣಗಳು ಬೇರೆ, ಪೂಜಿಸುವ ಪೀಠಗಳು ಬೇರೆ. ಆದರೂ ಒಂದೇ ಘಟ್ಟವನ್ನು ಹತ್ತಿಬಂದವರ ನಡುವೆ ಒಂದು ನೆರೆಹೊರೆಯ ಋಣವಿದೆ ಎಂದು ನಾನು ಭಾವಿಸುತ್ತೇನೆ.

ಗುಡಿಗಾರರ ಕಸುಬಿಗೆ ಯಂತ್ರಕ್ಕಿಂತ ಮೊದಲೇ ಪೆಟ್ಟುಗಳು ಬಿದ್ದಿದ್ದವು. ವನ್ಯಜೀವಿ ಕಾಯಿದೆಗೆ 1986ರಲ್ಲಿ ಮಾಡಿದ ತಿದ್ದುಪಡಿ ಭಾರತದ ಆನೆಗಳ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರಲ್ಲಿ ಆಫ್ರಿಕದಿಂದ ಬಂದ ದಂತಕ್ಕೂ ನಿಷೇಧ ಬಂತು. ಅದು ನ್ಯಾಯವೇ, ಆನೆಯ ಪ್ರಾಣ ಕಲೆಗಿಂತ ದೊಡ್ಡದು. ಇನ್ನು ಶ್ರೀಗಂಧ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಅದು ಸರಕಾರದ ಸ್ವತ್ತಾಗಿತ್ತು. 2001ರ ಕಾನೂನು ತಿದ್ದುಪಡಿಯಿಂದ ಜಮೀನಿನ ಒಡೆಯನಿಗೆ ಅದರ ಹಕ್ಕು ದೊರೆಯಿತಾದರೂ, ಅಷ್ಟರಲ್ಲಿ ಮರವೇ ಅಪರೂಪವಾಗಿ ಬೆಲೆ ಆಕಾಶಕ್ಕೇರಿತ್ತು. ಹಾಗಾಗಿ ಅನೇಕರು ಶಿವನೆಯಂಥ ಮರಗಳಿಗೆ ತಿರುಗಿದರು. ಮೂಲವಸ್ತು ಬದಲಾದರೂ ಉಳಿ ಉಳಿದಿತ್ತು.

ಈಗ ಉಳಿಯ ಎದುರಿಗೇ ಯಂತ್ರ ಬಂದು ನಿಂತಿದೆ. ಅಂಕಿಗಳ ಆಣತಿಯಿಂದ ಲೋಹವನ್ನು ಕೊರೆಯುವ ಯಂತ್ರವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರದರ್ಶಿಸಿದ್ದು 1952ರಲ್ಲಿ. ವಿಮಾನದ ಬಿಡಿಭಾಗಗಳಿಗಾಗಿ ಹುಟ್ಟಿದ ಆ ವಿದ್ಯೆ ಇಂದು ಸಣ್ಣ ಪಟ್ಟಣಗಳ ಮರದ ಅಂಗಡಿಗಳನ್ನೂ ತಲುಪಿದೆ. ಮೇಜಿನ ಮೇಲೆ ಹಲಗೆ ಇಟ್ಟು, ಗಣಕದಲ್ಲಿ ಚಿತ್ರವನ್ನು ಆರಿಸಿ, ಗುಂಡಿ ಒತ್ತಿದರೆ ಬೈರಿಗೆಯಂತೆ ತಿರುಗುವ ಅಲಗು ರಾತ್ರಿಯಿಡೀ ಹೋಗಿ ಬಂದು ಕೆತ್ತುತ್ತದೆ. ಅದಕ್ಕೆ ದಣಿವಿಲ್ಲ, ಕೈನಡುಕವಿಲ್ಲ. ಆದರೆ ಅಲಗು ಮೇಲಿನಿಂದಷ್ಟೇ ಇಳಿಯುವ ಸಾಮಾನ್ಯ ಯಂತ್ರವು ಬಟ್ಟಲನ್ನು ಹಿಡಿದ ಬೆರಳುಗಳ ಹಿಂಬದಿಗೆ ನುಗ್ಗಲಾರದು. ಮರದ ಎಳೆ ಎಲ್ಲಿ ತಿರುಗಿದೆ, ಗಂಟು ಎಲ್ಲಿ ಅಡಗಿದೆ ಎಂಬುದು ಅದಕ್ಕೆ ತಿಳಿಯದು. ಕಸುಬುದಾರನಾದರೋ ಉಳಿಯನ್ನು ಇಟ್ಟ ಕ್ಷಣವೇ ಎಳೆಯ ದಿಕ್ಕನ್ನು ಅರಿತು ಪೆಟ್ಟನ್ನು ಬದಲಿಸುತ್ತಾನೆ. ಗಂಟು ಸಿಕ್ಕರೆ ಅದನ್ನೇ ಸೆರಗಿನ ಮಡಿಕೆಯನ್ನಾಗಿ ಮಾಡಿಕೊಳ್ಳುತ್ತಾನೆ. ಮರದೊಂದಿಗೆ ಅವನು ನಡೆಸುವ ಈ ಸಂವಾದ ಪಾಠಪುಸ್ತಕದಲ್ಲಿಲ್ಲ. ಅದು ತಂದೆಯ ಕೈಯಿಂದ ಮಗನ ಕೈಗೆ ಬರುವಂಥದು. ಒಂದು ತಲೆಮಾರು ತಪ್ಪಿದರೆ ಮತ್ತೆ ಕಲಿಸುವವರಿಲ್ಲ.

ಅಡಿಕೆ ಸುಲಿಯುವ ಯಂತ್ರಕ್ಕೆ ಅಳದವರು

ಇಲ್ಲಿ ಒಬ್ಬ ಜಾಣ ಓದುಗ ನನ್ನನ್ನು ತಡೆಯಬಹುದು. "ಫಾದರ್, ತೀರ್ಥಹಳ್ಳಿ, ಹೊಸನಗರಗಳಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದಾಗ ನೀವು ಯಾರೂ ಲೇಖನ ಬರೆಯಲಿಲ್ಲವಲ್ಲ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊಯ್ಲಿನ ಕಾಲದಲ್ಲಿ ಸಾಲುಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತು, ತಡರಾತ್ರಿಯವರೆಗೆ ದೀಪದ ಬೆಳಕಿನಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದ ತಾಯಂದಿರನ್ನು ನಾನು ಬಲ್ಲೆ. ಅವರ ಬೆರಳುಗಳು ಅಡಿಕೆಯ ಚೊಗರಿಗೆ ಕಪ್ಪಾಗಿ, ಸೀಳಿ, ಮರುದಿನ ಅನ್ನ ಕಲಸಲೂ ಆಗದೆ ಉರಿಯುತ್ತಿದ್ದವು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಅಜ್ಜಿಯರು ಹಾಗೆ ದುಡಿದೇ ಮಕ್ಕಳನ್ನು ಓದಿಸಿದರು. ಯಂತ್ರ ಬಂದಾಗ ಆ ಬೆರಳುಗಳಿಗೆ ಬಿಡುವು ಸಿಕ್ಕಿತು. ಜೊತೆಗೆ ಕೆಲವರ ಕೂಲಿಯೂ ಹೋಯಿತು. ಬಿಡುವನ್ನು ಹೊಗಳುವವರು ಕೂಲಿ ಹೋದದ್ದನ್ನು ಮರೆಯಬಾರದು. ಕೂಲಿಗಾಗಿ ಮರುಗುವವರು ಆ ಬೆರಳುಗಳನ್ನು ಮರೆಯಬಾರದು.

ಮಹಾತ್ಮ ಗಾಂಧಿಯವರನ್ನು ಯಂತ್ರದ ವೈರಿ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. 1924ರಲ್ಲಿ ಒಬ್ಬ ಯುವಕ ಅವರನ್ನು ಇದೇ ವಿಷಯವಾಗಿ ಪ್ರಶ್ನಿಸಿದಾಗ, ತಮ್ಮ ವಿರೋಧ ಯಂತ್ರಕ್ಕಲ್ಲ, ಯಂತ್ರದ ಹುಚ್ಚಿಗೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಸಿಂಗರ್ ಹೊಲಿಗೆಯಂತ್ರವನ್ನು ಮೆಚ್ಚುಗೆಯಿಂದ ಉದಾಹರಿಸಿದರು. ಹೆಂಡತಿ ಸೂಜಿ ಹಿಡಿದು ಬಳಲುವುದನ್ನು ಕಂಡ ಗಂಡನ ಪ್ರೀತಿಯಿಂದ ಆ ಯಂತ್ರ ಹುಟ್ಟಿತೆಂಬುದು ಅವರ ತಿಳಿವಳಿಕೆಯಾಗಿತ್ತು. ಅವರ ಅಳತೆಗೋಲು ಒಂದೇ: ಯಂತ್ರ ಬಂದಾಗ ಮನುಷ್ಯನಿಗೆ ಏನಾಯಿತು?

ಹಾಗಾದರೆ ಅಡಿಕೆಗೂ ಕೆತ್ತನೆಗೂ ವ್ಯತ್ಯಾಸವೇನು? ಅಡಿಕೆಯ ಸಿಪ್ಪೆ ತೆಗೆಯುವಾಗ ಸುಲಿಯುವವಳ ಮನಸ್ಸು ಆ ಅಡಿಕೆಯಲ್ಲಿ ಅಚ್ಚೊತ್ತುವುದಿಲ್ಲ. ಯಾರು ಸುಲಿದರೂ ಅಡಿಕೆ ಅಡಿಕೆಯೇ. ಕೆತ್ತನೆಯಲ್ಲಿ ಹಾಗಲ್ಲ. ಪ್ರಭುವಿನ ಮುಖದಲ್ಲಿ ಎಷ್ಟು ದುಃಖ ಇರಬೇಕು, ಯೂದನ ಕೈ ಎಲ್ಲಿರಬೇಕು ಎಂಬ ತೀರ್ಮಾನವನ್ನು ಯಾರೋ ಒಬ್ಬರು ಮಾಡಲೇಬೇಕು. ಯಂತ್ರ ಕೆತ್ತಿದಾಗಲೂ ಆ ತೀರ್ಮಾನವನ್ನು ಯಾರೋ ಎಂದೋ ಮಾಡಿರುತ್ತಾರೆ. ಅವರು ಯಾರೆಂದು ನಮಗೆ ತಿಳಿದಿರುವುದಿಲ್ಲ, ಅಷ್ಟೇ. ನನ್ನ ತಪ್ಪು ಆರಂಭವಾದದ್ದು ಇಲ್ಲಿಂದಲೇ.

ನಮ್ಮ ಫಲಕದ ಕಥೆ

ಹೊಸನಗರ, ತೀರ್ಥಹಳ್ಳಿಗಳ ನಡುವಿನ ಕಾಡಂಚಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ನಾನಿದ್ದಾಗ ಹಳೆಯ ಬಲಿಪೀಠಕ್ಕೆ ಗೆದ್ದಲು ಹಿಡಿಯಿತು. ಹೊಸದನ್ನು ಮಾಡಿಸಲು ಒಬ್ಬ ವಿಧವೆ ತಾಯಿ ಮುಂದೆ ಬಂದರು. ತೋಟದ ಕೆಲಸದಲ್ಲಿ ಉಳಿಸಿದ ಹಣ. ಅವರ ಪತಿ ಬಡಗಿಯಾಗಿದ್ದವರು. ಅವರ ನೆನಪಿಗಾಗಿ ಕೈಕೆತ್ತನೆಯ ಫಲಕವೇ ಆಗಲಿ ಎಂಬುದು ಆಕೆಯ ಆಸೆ. ಸಾಗರದ ಕಡೆಯ ಒಬ್ಬ ಹಿರಿಯ ಗುಡಿಗಾರರನ್ನು ಕರೆಸಿದೆವು. ಅಳತೆ ತೆಗೆದು, ಮರವನ್ನು ಬೆರಳಿಂದ ತಟ್ಟಿ ನೋಡಿ, "ನಾಲ್ಕು ತಿಂಗಳು ಬೇಕು ಫಾದರೇ" ಎಂದು ತಮ್ಮ ಕೂಲಿಯನ್ನೂ ಹೇಳಿ ಹೋದರು. ಅಷ್ಟರಲ್ಲಿ ಪಾಲನಾ ಸಮಿತಿಯ ಸದಸ್ಯರೊಬ್ಬರು ಬೇರೊಂದು ಊರಿನ ಯಂತ್ರದ ಅಂಗಡಿಯಿಂದ ದರ ತಂದರು. ಹತ್ತು ದಿನದ ಕೆಲಸ. ಹಣ ಮೂರನೆಯ ಒಂದು ಭಾಗ. ಉಳಿದ ಹಣದಲ್ಲಿ ಛಾವಣಿಯ ಹಂಚನ್ನು ಬದಲಿಸಬಹುದಿತ್ತು. ಮಳೆಗಾಲ ಬಾಗಿಲಲ್ಲಿತ್ತು. ಎಲ್ಲರೂ ಒಪ್ಪಿದೆವು. ಇಲ್ಲಿಯವರೆಗೆ ನಾವು ಪಾಪ ಮಾಡಿದೆವೆಂದು ಇಂದಿಗೂ ನನಗೆ ಅನ್ನಿಸುವುದಿಲ್ಲ.

ಆದರೆ ಆ ತಾಯಿಗೆ ನಾವು ಹೇಳಲಿಲ್ಲ. ಉದ್ಘಾಟನೆಯ ದಿನ ಹಂಚಿದ ಕಿರುಹೊತ್ತಿಗೆಯಲ್ಲಿ "ಕೈಕೆತ್ತನೆಯ ಸುಂದರ ಫಲಕ" ಎಂದು ಅಚ್ಚಾಗಿತ್ತು. ಬರೆದವರು ನಾನಲ್ಲ, ಕರಡನ್ನು ಓದಿದವನು ನಾನು. ಓದಿ ಸುಮ್ಮನಾದೆ. ಫಲಕ ನಿಜಕ್ಕೂ ಚೆನ್ನಾಗಿತ್ತು. ಮುಖಗಳಲ್ಲಂತೂ ಅಚ್ಚರಿಯ ಕಳೆ ಇತ್ತು. ಯಾರಿಗೆ ಏನು ನಷ್ಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಎರಡು ಮಳೆಗಾಲ ಕಳೆದ ಮೇಲೆ ಹಲಗೆಗಳ ಜೋಡಣೆಯಲ್ಲಿ ಬಿರುಕು ಕಾಣಿಸಿತು. ರಿಪೇರಿಗೆ ಬಂದವರು ಅದೇ ಹಿರಿಯ ಗುಡಿಗಾರರು. ಫಲಕದ ಮುಂದೆ ಕುಳಿತವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಹೇಳಿದರು:

"ಫಾದರೇ, ಈ ಹದಿಮೂರು ಮುಖಾನೂ ನನ್ನ ಕೈ ಮೇಲೇ ಹಾದು ಬಂದಿದ್ದು. ಮಷಿನ್ನಿಂದ ಬಂದಾಗ ಕಣ್ಣು ಮೂಗು ಎಲ್ಲ ಮೊಂಡಾಗಿದ್ವು. ಅಂಗಡಿಯವರು ಕರೆಸಿದ್ರು. ದಿನಗೂಲಿ ಲೆಕ್ಕದಲ್ಲಿ ಎಂಟು ದಿನ ಕೂತು ತಿದ್ದಿದೆ."

ನಾನು ಬೆರಗಾದೆ. "ಗುಡಿಗಾರರೇ, ನಮಗೊಂದು ಮಾತು ಹೇಳಬಾರದಿತ್ತೇ?" ಎಂದೆ.

"ಯಾವ ಊರಿಗೆ ಹೋಗೋ ಕೆಲಸ ಅಂತ ಅವ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅಳತೆ ನೋಡಿ ಅನುಮಾನ ಬಂದಿತ್ತು" ಎಂದರು. ಮತ್ತೆ ಉಳಿಗಳನ್ನು ಬಟ್ಟೆಯಿಂದ ಬಿಚ್ಚುತ್ತಾ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: "ಪುಸ್ತಕದಲ್ಲಿ ಕೈಕೆತ್ತನೆ ಅಂತ ಹಾಕಿದ್ದೀರಂತೆ. ಯಾರ ಕೈ ಅಂತ ಬರೆದಿದ್ದೀರಿ?"

ಪ್ರಿಯ ಓದುಗರೇ, ಗುರುಮಠದಲ್ಲಿ ಕಲಿತ ತತ್ವಶಾಸ್ತ್ರದಲ್ಲಾಗಲಿ, ದೈವಶಾಸ್ತ್ರದಲ್ಲಾಗಲಿ ನನಗೆ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕೈಕೆತ್ತನೆ ಎಂದು ಬರೆಯುವಾಗ ಅದು ಸುಳ್ಳೆಂದು ನಾನು ತಿಳಿದಿದ್ದೆ. ಈಗ ಅದರಲ್ಲಿ ಒಂದಂಶ ಸತ್ಯವೆಂದು ತಿಳಿಯಿತು. ಆದರೆ ಆ ಸತ್ಯ ಸುಳ್ಳಿಗಿಂತ ಹೆಚ್ಚು ನಾಚಿಕೆ ತಂದಿತು. ನಮಗೆ ಕೈ ಬೇಕಾಗಿತ್ತು, ಕೈಯ ಹೆಸರು ಬೇಕಾಗಿತ್ತು, ಆ ಕೈಯುಳ್ಳ ಮನುಷ್ಯ ಮಾತ್ರ ಬೇಡವಾಗಿದ್ದ.

ಮರುವಾರ ಆ ತಾಯಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಮೊದಲೇ ಹೇಳಿದ್ದರೆ ಮಷಿನ್‌ದೇ ಸಾಕು ಅಂತಿದ್ದೆ ಫಾದರ್. ನಮ್ಮ ಮನೆಯವರೂ ಕೊನೆಗೆ ಕರೆಂಟಿನ ಹತ್ತರಿ ಇಟ್ಟುಕೊಂಡಿದ್ದರು" ಎಂದರು. ನಾನು ಯಾವ ಸತ್ಯವನ್ನು ಆಕೆಯ ಮನಸ್ಸು ನೋಯಬಾರದೆಂದು ಬಚ್ಚಿಟ್ಟಿದ್ದೆನೋ ಅದು ಆಕೆಯನ್ನು ನೋಯಿಸುತ್ತಿರಲಿಲ್ಲ. ಬಚ್ಚಿಟ್ಟದ್ದು ನೋಯಿಸಿತು.

ಪವಿತ್ರ ಗ್ರಂಥ ಮತ್ತು ಸಭೆಯ ಬೋಧನೆ

ಅಂದಿನಿಂದ ವಿಮೋಚನಾಕಾಂಡದ ಒಂದು ಭಾಗ ನನಗೆ ಹೊಸದಾಗಿ ಕೇಳಿಸತೊಡಗಿದೆ. ದೇವದರ್ಶನದ ಗುಡಾರವನ್ನು ನಿರ್ಮಿಸಲು ದೇವರು ಯೂದಕುಲದ ಬೆಚಲೇಲನನ್ನು ಆರಿಸಿಕೊಳ್ಳುವ ಪ್ರಸಂಗವದು. ಅಲ್ಲಿ ದೇವರು "ಯಾರಾದರೊಬ್ಬ ಕೆಲಸಗಾರ"ನನ್ನು ಹುಡುಕುವುದಿಲ್ಲ. ಅವನ ತಂದೆಯ ಹೆಸರು, ಕುಲದ ಹೆಸರುಗಳೊಡನೆ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ದೇವರ ಆತ್ಮವು ಅವನನ್ನು ತುಂಬಿ, ಚಿನ್ನ, ಬೆಳ್ಳಿ, ಕಲ್ಲು, ಮರಗಳ ಕೆಲಸದ ಜಾಣ್ಮೆಯನ್ನು ಕೊಡುತ್ತದೆ. ಮುಂದೆ 35ನೆಯ ಅಧ್ಯಾಯದಲ್ಲಿ ಇನ್ನೊಂದು ವರವನ್ನೂ ಹೇಳಿದೆ: ಇತರರಿಗೆ ಕಲಿಸುವ ಮನಸ್ಸು. ಕೆತ್ತುವುದು ಹೇಗೆ ದೇವರ ವರವೋ, ಕೆತ್ತುವುದನ್ನು ಕಲಿಸುವುದೂ ಹಾಗೆಯೇ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಮುದ್ರೆ ಕೆತ್ತುವವನನ್ನೂ ಕಮ್ಮಾರನನ್ನೂ ಕುಂಬಾರನನ್ನೂ ಅವರವರ ಕುಲುಮೆ, ಚಕ್ರಗಳ ಮುಂದೆಯೇ ತೋರಿಸಿ, ಅವರು ಸಭೆಯಲ್ಲಿ ಮೇಲಿನ ಆಸನದಲ್ಲಿ ಕೂರದಿದ್ದರೂ ಲೋಕ ನಿಂತಿರುವುದು ಅವರಿಂದ, ಅವರ ಕಸುಬೇ ಅವರ ಪ್ರಾರ್ಥನೆ ಎಂಬ ಭಾವವನ್ನು ಸಾರುತ್ತದೆ.

ನಮ್ಮ ಪ್ರಭುವನ್ನು ಸ್ವಂತ ಊರಿನವರು ಗುರುತಿಸಿದ್ದೂ ಬಡಗಿಯೆಂದೇ. ಅವರು ನೇಗಿಲು, ನೊಗಗಳನ್ನು ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನರು ಬರೆದಿದ್ದಾರೆ. ಎತ್ತಿನ ಹೆಗಲಿಗೆ ಗಾಯವಾಗದಂತೆ ನೊಗವನ್ನು ನಯಗೊಳಿಸುವುದು ಎಂಥ ಕೆಲಸವೆಂಬುದು ಮಲೆನಾಡಿನ ರೈತನಿಗೆ ಗೊತ್ತು.

ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವ ದುಡಿಮೆಯನ್ನು ಕುರಿತು ಬರೆದ ವಿಶ್ವಪರಿಪತ್ರದಲ್ಲಿ ದುಡಿಮೆಗೆ ಎರಡು ಮುಖಗಳನ್ನು ಗುರುತಿಸುತ್ತಾರೆ. ಒಂದು, ಮಾಡಿದ ವಸ್ತು ಮತ್ತು ಅದಕ್ಕೆ ಬಳಸಿದ ತಂತ್ರ. ಇನ್ನೊಂದು, ಮಾಡುವ ಮನುಷ್ಯ. ದುಡಿಮೆಯ ಘನತೆ ಮೊದಲನೆಯದರಿಂದ ಬರುವುದಿಲ್ಲ, ಎರಡನೆಯದರಿಂದ ಬರುತ್ತದೆ ಎಂಬುದು ಆ ಪತ್ರದ ತಿರುಳು. ತಂತ್ರಜ್ಞಾನ ಮನುಷ್ಯನ ಮಿತ್ರ ಎಂದು ಅವರು ಒಪ್ಪುತ್ತಾರೆ. ಆದರೆ ಅದು ಅವನ ಕೆಲಸವನ್ನೋ, ಕೆಲಸದಲ್ಲಿನ ತೃಪ್ತಿಯನ್ನೋ, ಸೃಜನಶೀಲತೆಯನ್ನೋ, ಹೊಣೆಗಾರಿಕೆಯನ್ನೋ ಕಸಿದಾಗ ವೈರಿಯಂತಾಗುತ್ತದೆ ಎಂದು ಎಚ್ಚರಿಸುತ್ತಾರೆ. ಹದಿಮೂರನೆಯ ಲಿಯೋ ಪೋಪರು 1891ರಲ್ಲಿಯೇ ಕಾರ್ಮಿಕರ ನ್ಯಾಯವಾದ ಕೂಲಿಯ ಪರವಾಗಿ ದನಿ ಎತ್ತಿದ್ದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಪೋಪರು ಅದೇ ಹೆಸರನ್ನು ಆರಿಸಿಕೊಂಡ ಕಾರಣಗಳಲ್ಲಿ, ಯೋಚಿಸುವಂತೆ ತೋರುವ ಹೊಸ ಯಂತ್ರಗಳ ಈ ಕಾಲದಲ್ಲಿ ದುಡಿಯುವವರ ಘನತೆಯ ಚಿಂತೆಯೂ ಒಂದು.

ಈ ಬೋಧನೆಯ ಬೆಳಕಿನಲ್ಲಿ ನೋಡಿದಾಗ ನಮ್ಮ ಪ್ರಶ್ನೆಯೇ ಬದಲಾಗುತ್ತದೆ. "ಇದನ್ನು ಕೈ ಮಾಡಿತೋ ಯಂತ್ರ ಮಾಡಿತೋ?" ಎಂಬುದು ಎರಡನೆಯ ಪ್ರಶ್ನೆ. "ಇದನ್ನು ಮಾಡಿದವರು ಯಾರು? ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ?" ಎಂಬುದು ಮೊದಲನೆಯದು. ಯಂತ್ರಕ್ಕೆ ಕೂಲಿ ಬೇಕಿಲ್ಲ, ಹೆಸರು ಬೇಕಿಲ್ಲ, ಹೊಣೆಯೂ ಇಲ್ಲ. ಆದ್ದರಿಂದಲೇ ಅದರ ಮರೆಯಲ್ಲಿ ಮನುಷ್ಯನನ್ನು ಅಡಗಿಸುವುದು ಸುಲಭ. ಅಂಗಡಿಯಲ್ಲಿ ಗಣಕದ ಮುಂದೆ ಕುಳಿತು ಚಿತ್ರವನ್ನು ಹೊಂದಿಸಿದ ಹುಡುಗನೂ ಅಡಗಿದ್ದಾನೆ. ಆ ಚಿತ್ರವನ್ನು ಎಲ್ಲೋ ಮೊದಲು ರೂಪಿಸಿದ ಕಲಾವಿದನೂ ಅಡಗಿದ್ದಾನೆ. ಮೊಂಡಾದ ಮುಖಗಳಿಗೆ ಕಣ್ಣು ಕೊಟ್ಟ ನಮ್ಮ ಗುಡಿಗಾರರೂ ಅಡಗಿಹೋಗಿದ್ದರು.

ನಾವು ಮಾಡಬಹುದಾದದ್ದು

ಹಾಗೆಂದು ಯಂತ್ರದ ಕೆತ್ತನೆಯನ್ನು ಮನೆಗೆ ತರಬೇಡಿ ಎಂದು ನಾನು ಹೇಳಲಾರೆ. ಬಡ ಪ್ರಾರ್ಥನಾಲಯದ ಬಲಿಪೀಠ ಯಂತ್ರದ್ದಾಗಿದ್ದರೆ ಅಲ್ಲಿ ಅರ್ಪಿಸುವ ಬಲಿಪೂಜೆಗೆ ಎಳ್ಳಷ್ಟೂ ಕೊರತೆಯಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯನ್ನು ಕುರಿತ ತನ್ನ ಸಂವಿಧಾನದಲ್ಲಿ ದೇವಾಲಯದ ಕಲೆಗೆ ಬಯಸಿದ್ದು ಉದಾತ್ತವಾದ ಸೌಂದರ್ಯವನ್ನೇ ಹೊರತು ದುಬಾರಿ ಆಡಂಬರವನ್ನಲ್ಲ. ಕೈಕೆತ್ತನೆಯೂ ಶ್ರೀಮಂತರ ಆಡಂಬರವಾಗಬಲ್ಲದು. ಮನೆಯ ಹೆಬ್ಬಾಗಿಲನ್ನು ತೋರಿಸಿ "ಇದು ಪೂರಾ ಕೈಕೆಲಸ" ಎಂದು ಹೇಳಿಕೊಳ್ಳುವ ಯಜಮಾನನಿಗೆ ಕೆತ್ತಿದವನ ಹೆಸರು ನೆನಪಿಲ್ಲದಿದ್ದರೆ, ಅವನೂ ನನ್ನ ಸಾಲಿನಲ್ಲೇ ನಿಂತಿದ್ದಾನೆ.

ನಾನು ಬೇಡುವುದು ಸಣ್ಣ ಸಂಗತಿಗಳನ್ನು. ಯಂತ್ರದ್ದನ್ನು ಯಂತ್ರದ್ದೆಂದೇ ಹೇಳೋಣ, ಅದರಲ್ಲಿ ಅವಮಾನವಿಲ್ಲ. ಮಾಡಿಸಲು ಕೊಡುವಾಗ, ಕೊನೆಯ ನಯಗೆಲಸವನ್ನು ಮಾಡುವವರು ಯಾರು, ಅವರಿಗೆ ಸಿಗುವುದೇನು ಎಂದು ಒಂದು ಮಾತು ಕೇಳೋಣ. ಕೊಯ್ಲು ಮಾಡಿದವರಿಗೆ ಕೊಡದೆ ಹಿಡಿದ ಕೂಲಿ ದೇವರ ಕಿವಿಯವರೆಗೆ ಕೂಗುತ್ತದೆ ಎಂದು ಯಕೋಬರ ಪತ್ರ ಎಚ್ಚರಿಸುತ್ತದೆ. ಕಡಿಮೆ ಕೊಟ್ಟ ಕೂಲಿ ಮೌನವಾಗಿರುತ್ತದೆಂದು ನಾವು ಭಾವಿಸಬೇಕಿಲ್ಲ. ಮತ್ತು ದೇವಾಲಯಗಳು ದೊಡ್ಡ ಕೆಲಸಕ್ಕೆ ಕೈಹಾಕುವಾಗ, ಒಂದು ಚಿಕ್ಕ ಭಾಗವನ್ನಾದರೂ ಕೈಕಸುಬಿನವರಿಗೆ ಅವರು ಕೇಳಿದಷ್ಟು ಕಾಲ ಕೊಟ್ಟು ಮಾಡಿಸಲಿ. ಇದು ದಯೆಯಿಂದ ಕೊಡುವ ಕೆಲಸವಾಗಬಾರದು. ಕಲಿಯುವ ಹುಡುಗನೊಬ್ಬ ಅವರ ಪಕ್ಕದಲ್ಲಿ ಕುಳಿತುಕೊಳ್ಳಲು ನಾಲ್ಕು ತಿಂಗಳ ಕೆಲಸವಿರಬೇಕು. ಎಂಟು ದಿನದ ತಿದ್ದುವ ಕೂಲಿಯಲ್ಲಿ ಯಾರೂ ಶಿಷ್ಯನನ್ನು ಬೆಳೆಸಲಾರರು. ಬೆಚಲೇಲನಿಗೆ ದೇವರು ಕೊಟ್ಟ ಎರಡನೆಯ ವರ ನಮ್ಮ ಕಾಲದಲ್ಲಿ ಬತ್ತುವುದು ಹೀಗೆ.

ನಮ್ಮ ಫಲಕಕ್ಕೆ ಏನಾಯಿತೆಂದು ಕೇಳುವಿರಾದರೆ, ಅದು ಇಂದಿಗೂ ಅಲ್ಲಿಯೇ ಇದೆ. ಬಿರುಕು ಮುಚ್ಚಿದೆ. ಒಂದು ಭಾನುವಾರ ಪ್ರಬೋಧನೆಯ ಕೊನೆಗೆ ಕಿರುಹೊತ್ತಿಗೆಯ ತಪ್ಪನ್ನು ಜನರ ಮುಂದೆ ಒಪ್ಪಿಕೊಂಡೆ. ಫಲಕದ ಹಿಂಬದಿಯಲ್ಲಿ, ಯಂತ್ರದಲ್ಲಿ ಕೊರೆದದ್ದು ಮತ್ತು ಮುಖಗಳನ್ನು ತಿದ್ದಿದವರು ಇಂಥವರು ಎಂದು ಹೆಸರಿನೊಡನೆ ಬರೆಯುವಂತೆ ಆ ಹಿರಿಯರನ್ನೇ ಕೇಳಿಕೊಂಡೆವು. ಅವರು ಸಣ್ಣ ಉಳಿಯಿಂದ ಹೆಸರನ್ನು ಕೆತ್ತಿದರು; ಪಕ್ಕದಲ್ಲಿ ಆ ತಾಯಿಯ ಪತಿಯ ಹೆಸರನ್ನೂ ಕೆತ್ತಿದರು. ಅದಕ್ಕೆ ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ನಾನು ಒತ್ತಾಯ ಮಾಡಿ ಕೊಟ್ಟೆ. ಈ ಸಲ ಅವರು ಹೇಳಿದ ದರವನ್ನು ಕೇಳಿ, ಅಷ್ಟನ್ನೇ ಕೊಟ್ಟೆ.

ಗಾನವೃಂದದ ಆ ಯುವಕನಿಗೆ ಅಂದು ಕೊಟ್ಟ ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಜೀವ ನುಡಿಸುವವನ ಬೆರಳಲ್ಲಿದೆ ನಿಜ. ಆದರೆ ಅವನ ಬೆರಳು ಓಡುವ ಆ ಕಪ್ಪು ಪಟ್ಟಿಯನ್ನು ಉಜ್ಜಿ ನಯಗೊಳಿಸಿದ, ಅವನು ಎಂದೂ ಕಾಣದ ಒಬ್ಬರ ಬೆರಳೂ ಅಲ್ಲಿದೆ. 1955ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಮೇ 1ನ್ನು ದುಡಿಮೆಗಾರ ಸಂತ ಜೋಸೆಫರ ಹಬ್ಬವನ್ನಾಗಿ ಸಭೆಗೆ ಕೊಟ್ಟರು. ಮುಂದಿನ ಸಲ ಆ ಹಬ್ಬ ಬಂದಾಗ, ನಿಮ್ಮ ಮನೆಯ ಬಾಗಿಲನ್ನೋ, ತೊಟ್ಟಿಲನ್ನೋ, ಮಂಚವನ್ನೋ ಒಮ್ಮೆ ಮುಟ್ಟಿ ನೋಡಿ. ಮಾಡಿದವರ ಹೆಸರು ನೆನಪಿದ್ದರೆ ಆ ಹೆಸರಿನಲ್ಲಿ ಪ್ರಾರ್ಥಿಸಿ. ನೆನಪಿಲ್ಲದಿದ್ದರೆ, ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಅವರಿನ್ನೂ ಬದುಕಿದ್ದರೆ ಹೋಗಿ ಮಾತನಾಡಿಸಿ ಬನ್ನಿ.